ಹಳೆಯ ಐಷಾರಾಮಿ ಕಾರು: ದುರಸ್ತಿಯೋ, ವಿಕ್ರಯವೋ?

ಚಿತ್ರದುರ್ಗ ಜಿಲ್ಲೆಯ ಹಲವು ವರ್ತಕ ಸಂಸ್ಥೆಗಳ ಆಸ್ತಿಪಟ್ಟಿಯಲ್ಲಿ ಹತ್ತು ಹದಿನೈದು ವರ್ಷ ಹಳೆಯದಾದ ಐಷಾರಾಮಿ ಕಾರೊಂದು ಇರುವುದುಂಟು. ಅದಿರಿನ ವ್ಯವಹಾರ ಏರುಗತಿಯಲ್ಲಿದ್ದ ಕಾಲದಲ್ಲಿ ಕೊಂಡವು ಕೆಲವು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೂ ಕಾರುಗಳು ಮಾತ್ರ ಉಳಿದವು. ಅಡಿಕೆಗೋ ಕೊಬ್ಬರಿಗೋ ಒಳ್ಳೆಯ ಧಾರಣೆ ದೊರೆತ ವರ್ಷ ಕೊಂಡವು ಇನ್ನು ಕೆಲವು. ಇಂಥ ಕಾರಿಗೆ ಗ್ಯಾರೇಜಿನಿಂದ ಮೂರೂವರೆ ಲಕ್ಷ ರೂಪಾಯಿಗಳ ಅಂದಾಜುಪಟ್ಟಿ ಬಂದಾಗ ಮಾಲೀಕರು ಸಾಮಾನ್ಯವಾಗಿ ಎರಡು ಮಾತುಗಳನ್ನು ಹೇಳುತ್ತಾರೆ. "ಇದುವರೆಗೆ ಇಷ್ಟು ಖರ್ಚು ಮಾಡಿದ್ದೇವೆ, ಈಗ ಬಿಡುವುದು ಹೇಗೆ?" ಎಂಬುದು ಮೊದಲನೆಯದು. "ಪುಸ್ತಕದಲ್ಲಿ ಇಷ್ಟು ಬೆಲೆ ಇದೆ, ಅದಕ್ಕಿಂತ ಕಡಿಮೆಗೆ ಕೊಡುವುದು ಹೇಗೆ?" ಎಂಬುದು ಎರಡನೆಯದು. ನಿರ್ಧಾರಕ್ಕೆ ಈ ಎರಡೂ ಆಧಾರವಾಗಲಾರವು.

ಪುಸ್ತಕದ ಬೆಲೆಯನ್ನು ಮೊದಲು ನೋಡೋಣ. 60 ಲಕ್ಷ ರೂಪಾಯಿಗೆ ಕೊಂಡ ಕಾರಿನ ಮೇಲೆ ಆದಾಯ ತೆರಿಗೆಯ ಸಾಮಾನ್ಯ ದರವಾದ ಶೇಕಡಾ 15ರಂತೆ, ಇಳಿಯುವ ಮೌಲ್ಯದ ಮೇಲೆ ಹತ್ತು ವರ್ಷ ಸವಕಳಿ ಕಳೆದರೆ ಉಳಿಯುವುದು ಸುಮಾರು 11.81 ಲಕ್ಷ. ಮಾರುಕಟ್ಟೆಯಲ್ಲಿ ಅದಕ್ಕೆ 9 ಲಕ್ಷ ಮಾತ್ರ ಬರುತ್ತದೆ ಎಂದಿಟ್ಟುಕೊಂಡರೆ 2.81 ಲಕ್ಷ ನಷ್ಟವೆಂದು ಮಾಲೀಕರಿಗೆ ತೋರುವುದು ಸಹಜ. ಆದರೆ ತೆರಿಗೆಯ ಲೆಕ್ಕದಲ್ಲಿ ಕಾರು ಒಂಟಿಯಾಗಿ ನಿಲ್ಲುವುದಿಲ್ಲ. ಎಣ್ಣೆ ಗಿರಣಿಯ ಗಾಣ, ಮೋಟಾರುಗಳಂತಹ ಶೇಕಡಾ 15ರ ದರದ ಯಂತ್ರಗಳೊಂದಿಗೆ ಅದೂ ಒಂದೇ ಬ್ಲಾಕಿಗೆ ಸೇರಿರುತ್ತದೆ. ಮಾರಿದಾಗ ಬಂದ 9 ಲಕ್ಷ ಬ್ಲಾಕಿನಿಂದ ಕಳೆಯುತ್ತದೆ, ಮಿಕ್ಕ 2.81 ಲಕ್ಷ ಅಲ್ಲಿಯೇ ಉಳಿದು ವರ್ಷವರ್ಷವೂ ಸವಕಳಿ ಪಡೆಯುತ್ತದೆ. ಬ್ಲಾಕಿನಲ್ಲಿ ಕಾರೊಂದೇ ಇದ್ದಲ್ಲಿ ಮಾತ್ರ ಅದು ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲೂ ಬ್ಲಾಕಿನ ತತ್ತ್ವ ಮುಂದುವರಿದಿದೆ.

ಜಿಎಸ್‌ಟಿಯಲ್ಲಿ ಮಾತ್ರ ಇದೇ ಪುಸ್ತಕದ ಬೆಲೆ ಪ್ರಯೋಜನಕ್ಕೆ ಬರುತ್ತದೆ. ನೋಂದಾಯಿತ ವರ್ತಕನು ಸವಕಳಿ ಪಡೆದ ಹಳೆಯ ಕಾರನ್ನು ಮಾರಿದಾಗ ತೆರಿಗೆ ಬೀಳುವುದು ಮಾರಾಟ ಬೆಲೆಗೂ ಸವಕಳಿ ಕಳೆದ ಮೌಲ್ಯಕ್ಕೂ ಇರುವ ಅಂತರದ ಮೇಲೆ. ದರ ಶೇಕಡಾ 18. ಕೊಳ್ಳುವಾಗ ಆ ಕಾರಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದೆಂಬುದು ನಿಬಂಧನೆ. ಮೇಲಿನ ಕಾರನ್ನು 9 ಲಕ್ಷಕ್ಕೆ ಕೊಟ್ಟರೆ ಅಂತರವೇ ಇಲ್ಲದ್ದರಿಂದ ತೆರಿಗೆಯೂ ಇಲ್ಲ. 13 ಲಕ್ಷಕ್ಕೆ ಹೋದರೆ 1.19 ಲಕ್ಷದ ಮೇಲೆ 21,420 ರೂಪಾಯಿ. ಬ್ಲಾಕಿನಲ್ಲಿ ಎಲ್ಲವೂ ಬೆರೆತುಹೋಗುವುದರಿಂದ ಪ್ರತಿ ಕಾರಿಗೂ ಪ್ರತ್ಯೇಕ ಸವಕಳಿ ಪಟ್ಟಿ ಇಟ್ಟಿರಬೇಕು. ಬಹಳ ಸಂಸ್ಥೆಗಳಲ್ಲಿ ಈ ಪಟ್ಟಿ ಇರುವುದಿಲ್ಲ, ಮಾರುವ ದಿನ ಅದಕ್ಕಾಗಿ ಹುಡುಕಾಟ ನಡೆಯುತ್ತದೆ.

ಇನ್ನು ನಿಜವಾದ ಲೆಕ್ಕ. ಕೇಳಬೇಕಾದದ್ದು ಇದು: ಇಂದಿನಿಂದ ಮುಂದಿನ ಮೂರು ವರ್ಷ ಓಡಾಡಲು ಯಾವ ಮಾರ್ಗದಲ್ಲಿ ಎಷ್ಟು ಹಣ ಕೈಬಿಡುತ್ತದೆ? ಇದ್ದ ಸ್ಥಿತಿಯಲ್ಲಿ 9 ಲಕ್ಷಕ್ಕೆ ಹೋಗುವ ಕಾರು 3.5 ಲಕ್ಷದ ದುರಸ್ತಿಯ ನಂತರ ಹತ್ತೂವರೆ ಲಕ್ಷ ಬಾಳಬಹುದು. ದುರಸ್ತಿ ಮಾಡಿಸಿ ಮಾರಿದರೆ ಹಾಕಿದ ಹಣ ಹಿಂದಿರುಗದೆಂಬುದು ಇದರಿಂದಲೇ ಸ್ಪಷ್ಟ. ಆ ದುರಸ್ತಿಗೆ ಅರ್ಥವಿರುವುದು ಕಾರನ್ನು ಇಟ್ಟುಕೊಳ್ಳುವವರಿಗೆ ಮಾತ್ರ. ಇಟ್ಟುಕೊಂಡರೆ ಮೂರು ವರ್ಷದ ಕೊನೆಗೆ 5.5 ಲಕ್ಷ ಉಳಿಯಿತೆನ್ನೋಣ. ಮೌಲ್ಯ ಇಳಿದದ್ದು 3.5 ಲಕ್ಷ, ದುರಸ್ತಿ 3.5 ಲಕ್ಷ, ವರ್ಷಕ್ಕೆ ಒಂದೂವರೆ ಲಕ್ಷದಂತೆ ನಿರ್ವಹಣೆ 4.5 ಲಕ್ಷ, ವಿಮೆ 1.8 ಲಕ್ಷ, ಕಾರಿನಲ್ಲಿ ಸಿಕ್ಕಿಕೊಂಡ ಹನ್ನೆರಡೂವರೆ ಲಕ್ಷಕ್ಕೆ ಶೇಕಡಾ 10ರ ಬಡ್ಡಿ 3.75 ಲಕ್ಷ. ಒಟ್ಟು 17.05 ಲಕ್ಷ. ಅದನ್ನು ಮಾರಿ, ತೆರಿಗೆ ಮತ್ತು ನೋಂದಣಿ ಸೇರಿ 19 ಲಕ್ಷದ ಹೊಸ ಸಾಧಾರಣ ಕಾರು ಕೊಂಡು, ಮೂರು ವರ್ಷದ ನಂತರ ಅದು 11 ಲಕ್ಷಕ್ಕೆ ಇಳಿದರೆ: ಇಳಿಕೆ 8 ಲಕ್ಷ, ನಿರ್ವಹಣೆ 75 ಸಾವಿರ, ವಿಮೆ 1.8 ಲಕ್ಷ, ಬಡ್ಡಿ 5.7 ಲಕ್ಷ. ಒಟ್ಟು 16.25 ಲಕ್ಷ. ಇಂಧನವನ್ನು ಎರಡರಲ್ಲೂ ಬಿಟ್ಟಿದೆ.

ಅಂತರ 80 ಸಾವಿರ. ಆದಾಯ ತೆರಿಗೆ ಇದನ್ನೂ ಸವೆಸುತ್ತದೆ. ದುರಸ್ತಿಯ ಮೂರೂವರೆ ಲಕ್ಷ, ವ್ಯವಹಾರದ ಬಳಕೆಯ ಮಟ್ಟಿಗೆ, ಅದೇ ವರ್ಷ ಖರ್ಚಾಗಿ ಸಲ್ಲುತ್ತದೆ. ಹೊಸ ಕಾರಿನ ಬೆಲೆಯಾದರೋ ವರ್ಷಕ್ಕೆ ಶೇಕಡಾ 15ರಂತೆ ಮಾತ್ರ. ಆದರೆ ಪೂರ್ತಿ ಎಂಜಿನ್ ಬದಲಿಸಿದಾಗ ಎಚ್ಚರ ಬೇಕು. 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇರುವ ಆಸ್ತಿಯನ್ನು ಕಾಪಾಡುವ ಖರ್ಚು ಮಾತ್ರ ಚಾಲ್ತಿ ದುರಸ್ತಿ ಎಂಬ ಅಳತೆಗೋಲನ್ನು ಇಟ್ಟಿದೆ. ಗ್ಯಾರೇಜಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚು ತಳ್ಳಿಹೋಗುತ್ತದೆ ಎಂಬುದೂ ನೆನಪಿರಲಿ. ದುರಸ್ತಿಯ ಬಿಲ್ಲಿನ ಜಿಎಸ್‌ಟಿಗೆ ಇಂಥ ಕಾರುಗಳಲ್ಲಿ ಜಮೆ ದೊರೆಯದು, ಅದೂ ವೆಚ್ಚವೇ. ಬಿಡಿಭಾಗಗಳ ದರ 2025ರ ಸೆಪ್ಟೆಂಬರ್ 22ರಿಂದ 28ರಿಂದ 18ಕ್ಕೆ ಇಳಿದಿರುವುದು ಅಷ್ಟರಮಟ್ಟಿಗೆ ಸಮಾಧಾನ. ಅದೇ ದಿನದಿಂದ ಹೊಸ ಐಷಾರಾಮಿ ಕಾರುಗಳ ಮೇಲಿನ ತೆರಿಗೆಯೂ, ಸೆಸ್ ಸೇರಿ ಶೇಕಡಾ 50ರವರೆಗೆ ಇದ್ದದ್ದು, 40ಕ್ಕೆ ನಿಂತಿದೆ. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯುತ್ತದೆ. ಆದ್ದರಿಂದ ಅದಕ್ಕೂ ಮುಂಚೆ ಯಾರೋ ಕೇಳಿಹೋದ ಬೆಲೆಯನ್ನೇ ಹಿಡಿದು ಕೂರುವುದು ತರವಲ್ಲ.

ಹೀಗೆ ಅಂಕಿಗಳು ಹೆಚ್ಚುಕಡಿಮೆ ಸರಿಸಮವಾದಾಗ ತಕ್ಕಡಿಯನ್ನು ವಾಲಿಸುವುದು ಊರು. ಎಂಜಿನ್ನಿನ ಕಂಪ್ಯೂಟರ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಥವಾ ಏರ್ ಸಸ್ಪೆನ್ಷನ್ ಕೆಟ್ಟರೆ ಚಿತ್ರದುರ್ಗ, ಹಿರಿಯೂರುಗಳ ನುರಿತ ಮೆಕ್ಯಾನಿಕ್ ಸಹ ಅಗತ್ಯವಾದ ಉಪಕರಣವಿಲ್ಲದೆ ಕೈಚೆಲ್ಲುತ್ತಾನೆ. ಕಾರನ್ನು ಲಾರಿಯ ಮೇಲೇರಿಸಿ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಸಾಗಿಸಬೇಕು. ಬಿಡಿಭಾಗ ಬರುವವರೆಗೆ ವಾರಗಟ್ಟಲೆ ಕಾಯಬೇಕು. ಆ ದಿನಗಳಲ್ಲಿ ಬಾಡಿಗೆ ಕಾರಿಗೆ ಬೇರೆ ಹಣ ತೆರಬೇಕು. ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲ ವಯಸ್ಸಾದಂತೆ ಸೀಳುತ್ತದೆ. ಗಾಳಿ ಸೋರತೊಡಗಿದರೆ ಅದನ್ನು ತುಂಬುವ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಅದೂ ಸುಟ್ಟುಹೋಗುತ್ತದೆ. ಹೊಸದುರ್ಗದ ತೋಟದ ದಾರಿಗಳ ಧೂಳು, ಗುಂಡಿಗಳು ಇದನ್ನು ಇನ್ನಷ್ಟು ಬೇಗನೆ ತರುತ್ತವೆ. ಆದುದರಿಂದ ಅಂದಾಜುಪಟ್ಟಿ ಕೇಳುವಾಗ ಈಗ ಕೆಟ್ಟಿರುವುದೇನು ಎಂಬುದರೊಂದಿಗೆ, ಮುಂದೆ ಕೆಡಲಿರುವುದೇನು ಎಂಬುದನ್ನೂ ಬರೆದು ಕೊಡುವಂತೆ ಕೇಳತಕ್ಕದ್ದು. ಎರಡನೆಯ ಪಟ್ಟಿಯಲ್ಲಿ ಎರಡು ಲಕ್ಷಕ್ಕೆ ಮೀರಿದ ಬಾಬು ಒಂದೇ ಒಂದಿದ್ದರೂ ಮೇಲಿನ ಲೆಕ್ಕ ಮಾರಾಟದ ಕಡೆಗೆ ವಾಲುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕೆಟ್ಟಿರುವುದು ಒಂದೇ ಭಾಗವಾಗಿ, ಮಿಕ್ಕವು ಸುಸ್ಥಿತಿಯಲ್ಲಿದ್ದು, ಕಾರು ತಿಂಗಳಿಗೆ ಕೆಲವೇ ನೂರು ಕಿಲೋಮೀಟರ್ ಓಡುವುದಾದರೆ ದುರಸ್ತಿಯೇ ಲೇಸು.

ಮೂರನೆಯ ದಾರಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಿಂಗಳಿಗೆ ನಾಲ್ಕು ಬಾರಿ ಬೆಂಗಳೂರಿಗೆ ಹೋಗಿಬರಲು ಬಾಡಿಗೆ ಕಾರು, ಕಿಲೋಮೀಟರಿಗೆ 16 ರೂಪಾಯಿಯಂತೆ ಹಿಡಿದರೆ ವರ್ಷಕ್ಕೆ ಸುಮಾರು 3.07 ಲಕ್ಷ. ಇದರಲ್ಲಿ ಇಂಧನವೂ ಚಾಲಕನೂ ಸೇರಿದೆ. ಅಡಿಕೆ ಖರೀದಿಯ ತಿಂಗಳುಗಳಲ್ಲಿ ಓವರ್‌ಡ್ರಾಫ್ಟ್ ಬಡ್ಡಿ ಕಟ್ಟುತ್ತಿರುವ ಸಂಸ್ಥೆಗೆ ಕಾರಿನಿಂದ ಬಿಡುಗಡೆಯಾದ 9 ಲಕ್ಷ ದೊಡ್ಡ ಆಸರೆ. ಗೌರವದ ಪ್ರಶ್ನೆ ಅಡ್ಡಬರುತ್ತದೆ, ನಿಜ. ಆ ಗೌರವಕ್ಕೆ ವರ್ಷಕ್ಕೆ ಎಷ್ಟು ತೆರುತ್ತಿದ್ದೇವೆಂಬುದು ಪಾಲುದಾರರೆಲ್ಲರಿಗೂ ತಿಳಿದಿದ್ದರೆ ಸಾಕು.

ವಿಮೆಯ ಮಾತು ಸಂಕ್ಷೇಪವಾಗಿ: ಅಪಘಾತದ ದುರಸ್ತಿ ವೆಚ್ಚ ವಿಮಾ ಘೋಷಿತ ಮೌಲ್ಯದ ಶೇಕಡಾ 75ನ್ನು ಮೀರಿದರೆ ಕಾರು ಪೂರ್ಣ ನಷ್ಟವೆಂದು ಪರಿಗಣಿತವಾಗುತ್ತದೆ. ಮೌಲ್ಯವನ್ನು ತೀರ ತಗ್ಗಿಸಿ ಪ್ರೀಮಿಯಂ ಉಳಿಸಿದವರು ಈ ಗೆರೆಯನ್ನು ಬೇಗ ಮುಟ್ಟುತ್ತಾರೆ. ಹದಿನೈದು ವರ್ಷ ತುಂಬಿದ ಕಾರಿಗೆ ನೋಂದಣಿ ನವೀಕರಣ ಶುಲ್ಕ 5,000 ರೂಪಾಯಿ, ಆಮದಾದ ಕಾರಿಗೆ 40,000. ಇಪ್ಪತ್ತು ದಾಟಿದರೆ 2025ರ ಆಗಸ್ಟ್‌ನಿಂದ ಇವು ಇಮ್ಮಡಿ.

ಮಾರುವುದೆಂದು ತೀರ್ಮಾನವಾದಲ್ಲಿ ದಲ್ಲಾಳಿಯ ಕೈಗೆ ಸಹಿ ಮಾಡಿದ ಖಾಲಿ ನಮೂನೆ 29 ಮತ್ತು 30ನ್ನು ಕೊಟ್ಟು ಮನೆಗೆ ಬರುವ ರೂಢಿಯನ್ನು ಬಿಡಬೇಕು. ಆರ್‌ಟಿಓ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ಎಷ್ಟು ಕೈ ಬದಲಾಗಿದ್ದರೂ ಅಷ್ಟೆ. 2023ರ ಏಪ್ರಿಲ್ 1ರಿಂದ ಅಧಿಕೃತ ಹಳೆಯ ವಾಹನ ವ್ಯಾಪಾರಿಗೆ ಕಾರನ್ನು ಒಪ್ಪಿಸಿ ನಮೂನೆ 29-ಸಿಯಲ್ಲಿ ತಿಳಿಸಿದರೆ ಆ ವ್ಯಾಪಾರಿಯೇ ಮಾಲೀಕನೆಂದು ಪರಿಗಣಿತನಾಗುತ್ತಾನೆ. ಅಂಥವನಲ್ಲದೆ ಬೇರೆಯವರಿಗೆ ಕೊಡುವುದಾದರೆ, ಕೆಎ-16 ಕಚೇರಿಯ ದಾಖಲೆಯಲ್ಲಿ ಹೊಸ ಹೆಸರು ಕಾಣುವವರೆಗೆ ಬೆಲೆಯ ಒಂದು ಭಾಗವನ್ನು ಕೊಳ್ಳುವವರ ಒಪ್ಪಿಗೆಯಿಂದ ತಡೆಹಿಡಿಯುವ ಅಥವಾ ಠೇವಣಿ ಪಡೆಯುವ ಕರಾರನ್ನು ಬರಹದಲ್ಲಿ ಮಾಡಿಕೊಂಡು, ಅದರ ಪ್ರತಿಯನ್ನು ವಿತರಣಾ ರಸೀದಿಯೊಂದಿಗೆ ಕಡತದಲ್ಲಿ ಇರಿಸತಕ್ಕದ್ದು.