ಮಗಳನ್ನು ನರ್ಸಿಂಗ್‌ಗೆ ಸೇರಿಸುವ ಮುನ್ನ

ನಿಮ್ಮ ಮಗಳು ಪಿಯುಸಿ ಪಾಸಾಗಿದ್ದಾಳೆ. ಆರೋಗ್ಯ ಕ್ಷೇತ್ರದಲ್ಲೇ ಏನಾದರೂ ಓದುತ್ತೇನೆ ಎನ್ನುತ್ತಿದ್ದಾಳೆ. ಎಂಬಿಬಿಎಸ್ ಓದಿಸುವ ಶಕ್ತಿ ಮನೆಗಿಲ್ಲ, ನೀಟ್‌ನಲ್ಲಿ ಅಷ್ಟು ಅಂಕವೂ ಬಂದಿಲ್ಲ. ಆಗ ಪರಿಚಯದವರೊಬ್ಬರು ಬಂದು, "ಒಂದು ವರ್ಷದ ನರ್ಸಿಂಗ್ ಇದೆ, ಊರಲ್ಲೇ ಇದೆ, ಫೀಸೂ ಕಡಿಮೆ" ಎನ್ನುತ್ತಾರೆ. ಹಣ ಕಟ್ಟುವ ಮುನ್ನ ಸ್ವಲ್ಪ ತಡೆಯಿರಿ.

ಪಿಯುಸಿ ಮುಗಿಸಿ ನೇರವಾಗಿ ಸೇರಿ ಒಂದೇ ವರ್ಷದಲ್ಲಿ ನರ್ಸ್ ಆಗುವ ಕೋರ್ಸ್ ನಮ್ಮ ದೇಶದಲ್ಲಿ ಇಲ್ಲ. ಇರುವುದು ಮೂರು ದಾರಿ. ಎಎನ್ಎಂ 2 ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಹಳ್ಳಿಯ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಗರ್ಭಿಣಿಯರನ್ನು ನೋಡಿಕೊಳ್ಳುವ ಸಹೋದರಿಯರು ಇದನ್ನು ಓದಿದವರು. ಜಿಎನ್ಎಂ 3 ವರ್ಷದ ಡಿಪ್ಲೊಮಾ. ಇದಕ್ಕೆ ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಸೇರಬಹುದು. ಬಿ.ಎಸ್ಸಿ ನರ್ಸಿಂಗ್ 4 ವರ್ಷದ ಪದವಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಜಿಎನ್ಎಂ ಮತ್ತು ಬಿ.ಎಸ್ಸಿಗೆ ಗಂಡುಮಕ್ಕಳೂ ಸೇರುತ್ತಾರೆ.

ಆರು ತಿಂಗಳು, ಒಂದು ವರ್ಷದ ತರಬೇತಿಗಳೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರ ಆರೈಕೆಗೆ, ಆಸ್ಪತ್ರೆಯಲ್ಲಿ ಸಹಾಯಕರ ಕೆಲಸಕ್ಕೆ ಅಂಥ ಕೌಶಲ್ಯ ತರಬೇತಿಗಳಿವೆ. ಅದು ಗೌರವದ ಕೆಲಸವೇ. ಆದರೆ ಅದನ್ನು 'ನರ್ಸಿಂಗ್' ಎಂದು ಹೆಸರಿಟ್ಟು ಮಾರುವುದು ತಪ್ಪು. ಸರಕಾರಿ ಹುದ್ದೆಗೆ ಅರ್ಜಿ ಹಾಕುವ ದಿನ ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುತ್ತಾರೆ. ಅದು ಇಲ್ಲದಿದ್ದರೆ ಸರ್ಟಿಫಿಕೇಟು ಗೋಡೆಗೆ ಅಂದ, ಅಷ್ಟೆ. ನಮ್ಮಂಥ ಮನೆಗಳಲ್ಲಿ ಹೆಣ್ಣುಮಗುವಿನ ಓದಿಗೆ ಹಣ ಹೊಂದಿಸುವುದು ಒಂದೇ ಸಲ. ಆ ಒಂದು ಸಲ ತಪ್ಪಾದ ಬಾಗಿಲಿಗೆ ಹೋದರೆ ಮುಂದಿನ ಮಾತು ಮದುವೆಯದ್ದೇ.

ಆದ್ದರಿಂದ ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ಪರೀಕ್ಷೆ ಯಾರು ನಡೆಸುತ್ತಾರೆ ಎಂದು ಕೇಳಿ. ಜಿಎನ್ಎಂ ಆದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಬಿ.ಎಸ್ಸಿ ಆದರೆ ಸಾಮಾನ್ಯವಾಗಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಎಂಬ ಉತ್ತರ ಬರಬೇಕು. "ನಮ್ಮದೇ ಟ್ರಸ್ಟ್ ಪರೀಕ್ಷೆ ನಡೆಸುತ್ತದೆ" ಎಂದರೆ ಸಲಾಂ ಹೇಳಿ ಎದ್ದು ಬನ್ನಿ. ನಂತರ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಈ ವರ್ಷಕ್ಕೆ ಇದೆಯೇ ಎಂದು ಕೇಳಿ, ಪತ್ರ ತೋರಿಸಲು ಹೇಳಿ. ಮುಂದೆ ಬೇರೆ ರಾಜ್ಯಕ್ಕೋ ಸೌದಿ, ದುಬೈಗೋ ಹೋಗುವ ಆಸೆ ಇದ್ದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಕಾಲೇಜಿನ ಹೆಸರನ್ನೂ ಹುಡುಕಿ. ಕೊನೆಯದಾಗಿ, ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಯಾವುದು, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ಎಂದು ಹೋಗಿ ನೋಡಿ. ನರ್ಸಿಂಗ್ ಕಲಿಯುವುದು ಹಾಸಿಗೆಯ ಪಕ್ಕದಲ್ಲಿ ನಿಂತು. ಖಾಲಿ ವಾರ್ಡಿನಲ್ಲಿ ಏನೂ ಕಲಿಯಲಾಗದು.

ಎಸ್ಸೆಸ್ಸೆಲ್ಸಿ ಮಾತ್ರ ಆಗಿದ್ದರೆ? ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾಗಳಿವೆ: ಪ್ರಯೋಗಾಲಯ, ಎಕ್ಸ್‌ರೇ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ಆರೋಗ್ಯ ನಿರೀಕ್ಷಕ. ಎಸ್ಸೆಸ್ಸೆಲ್ಸಿ ಆದವರಿಗೆ 3 ವರ್ಷ, ಪಿಯುಸಿ ವಿಜ್ಞಾನ ಆದವರಿಗೆ 2 ವರ್ಷ. ರಾತ್ರಿ ಪಾಳಿಗೆ ಒಪ್ಪದ ಮನೆಗಳಿಗೆ ಪ್ರಯೋಗಾಲಯದ ಕೋರ್ಸ್ ಹಿಡಿಸೀತು.

ಇದನ್ನೆಲ್ಲ ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಲು ಕಾರಣವಿದೆ. 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದವು. ಮರುವರ್ಷಗಳ ಜನಗಣತಿಯಲ್ಲಿ, ಅಂದರೆ 2011ರಲ್ಲಿ, ಸಾಕ್ಷರತೆ ಶೇ. 51.8, ರಾಜ್ಯದಲ್ಲೇ ಕಡಿಮೆ. ಹೆಂಗಸರಲ್ಲಿ ಶೇ. 41ರ ಆಸುಪಾಸು. ಅಂದು ಅಕ್ಷರ ಕಲಿಯದ ತಾಯಂದಿರ ಮಕ್ಕಳೇ ಇಂದು ಕಾಲೇಜಿನ ಬಾಗಿಲಲ್ಲಿ ನಿಂತಿರುವುದು. ಫಾರಂ ಓದಿ ಹೇಳುವವರು ಮನೆಯಲ್ಲಿ ಇಲ್ಲದಿದ್ದರೆ ಬಸ್ ನಿಲ್ದಾಣದ ಗೋಡೆಯ ಜಾಹೀರಾತೇ ಸಲಹೆಗಾರ.

ಅವಕಾಶಗಳೂ ಹಿಂದಿಗಿಂತ ಹತ್ತಿರ ಬಂದಿವೆ. ಯಾದಗಿರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿಯವರಿಗೆ, ರಾಜ್ಯದ ಉಳಿದೆಡೆ ಶೇ. 8. 2023ರ ಜೂನ್‌ನಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಸುರಪುರಕ್ಕೂ ಶಹಾಪುರಕ್ಕೂ ರೈಲಿಲ್ಲದಿರುವಾಗ ಇದು ಸಣ್ಣ ಮಾತಲ್ಲ.

ಇನ್ನು ಮನೆಯೊಳಗಿನ ಆಕ್ಷೇಪಗಳು. "ಗಂಡಸರ ವಾರ್ಡು, ರಾತ್ರಿ ಡ್ಯೂಟಿ, ನಮ್ಮಂಥವರಿಗಲ್ಲ" ಎಂದು ಹಿರಿಯರು ಹೇಳುತ್ತಾರೆ. ಅದೇ ಹಿರಿಯರು ಸೊಸೆಗೆ ಹೆರಿಗೆ ನೋವು ಬಂದಾಗ "ಲೇಡಿ ಡಾಕ್ಟರ್ ಇದ್ದಾರಾ, ನಮ್ಮ ಮಾತು ತಿಳಿಯುವ ನರ್ಸ್ ಇದ್ದಾರಾ" ಎಂದು ಕೇಳುತ್ತಾರೆ. ಬೇರೆಯವರ ಮಗಳು ಓದಿರಬೇಕು, ನಮ್ಮವಳು ಬೇಡ ಎಂದರೆ ಹೇಗೆ? ದಖನಿ ಮಾತ್ರ ಬಲ್ಲ ಹೆಂಗಸು ಬಿಳಿಸೆರಗಿನ ತೊಂದರೆಯನ್ನು, ಬಾವು ಬಂದ ಮೊಲೆಯನ್ನು ಕನ್ನಡದಲ್ಲಿ, ಅದೂ ಗಂಡಸಿನೆದುರು, ಹೇಳುವುದಿಲ್ಲ. ಮುಚ್ಚಿಟ್ಟುಕೊಂಡು ಮನೆಗೆ ಹೋಗುತ್ತಾಳೆ. ಎರಡೂ ಭಾಷೆ ಬಲ್ಲ ಒಬ್ಬ ನರ್ಸ್ ಆ ವಾರ್ಡಿನಲ್ಲಿದ್ದರೆ ರೋಗ ಬೇಗ ಹೊರಬರುತ್ತದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ(ರ)ರ ಗುಡಾರಕ್ಕೆ ಒಯ್ಯಲು ಪ್ರವಾದಿ(ಸ)ಯವರೇ ಹೇಳಿದ್ದರು ಎಂಬುದನ್ನು ಹಿರಿಯರಿಗೆ ನೆನಪಿಸಬಹುದು. ಹಾಸ್ಟೆಲ್ ಬಗ್ಗೆ ಅವರ ಆತಂಕ ಮಾತ್ರ ನ್ಯಾಯವಾದದ್ದು. ಹಾಸ್ಟೆಲನ್ನು ಕಣ್ಣಾರೆ ನೋಡಿ, ವಾರ್ಡನ್ ಜತೆ ಮಾತಾಡಿ. ರಾತ್ರಿ ಪಾಳಿಗೆ ಕಾಲೇಜಿನ ವಾಹನ ಇದೆಯೇ, ತಲೆವಸ್ತ್ರದ ಬಗ್ಗೆ ನಿಯಮವೇನು ಎಂಬುದನ್ನು ಸೇರುವ ಮೊದಲೇ ಸ್ಪಷ್ಟ ಮಾಡಿಕೊಳ್ಳಿ.

ಸ್ವಚ್ಛತೆಯ ವಿಷಯ ನೇರವಾಗಿ ವಿದ್ಯಾರ್ಥಿನಿಗೇ ಹೇಳುತ್ತೇನೆ. ದಿನಕ್ಕೆ ಐದು ಸಲ ವುಝೂ ಮಾಡುವ ನಿನಗೆ ಕೈ ತೊಳೆಯುವುದು ಹೊಸದಲ್ಲ. ಆದರೆ ವುಝೂ ಆಸ್ಪತ್ರೆಯ ಕೈತೊಳೆತಕ್ಕೆ ಬದಲಿಯಲ್ಲ. ಇಲ್ಲಿ ಸೋಪಿನಿಂದ 40ರಿಂದ 60 ಸೆಕೆಂಡು, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲವನ್ನೂ ತಿಕ್ಕಬೇಕು. ಪ್ರತಿ ರೋಗಿಯನ್ನು ಮುಟ್ಟುವ ಮೊದಲು ಮತ್ತು ನಂತರ. ಉಂಗುರ, ಬಳೆ, ವಾಚು ಮನೆಯಲ್ಲಿರಲಿ. ಮದರಂಗಿಯ ಬಣ್ಣ ತೊಂದರೆಯಲ್ಲ, ಉದ್ದ ಉಗುರು ತೊಂದರೆ. ತೋಳು ಮೊಣಕೈಯವರೆಗೆ ಮಡಚಬೇಕಾಗುತ್ತದೆ. ಇದು ಮುಜುಗರವಾದರೆ, ಒಮ್ಮೆ ಬಳಸಿ ಎಸೆಯುವ ತೋಳುಚೀಲಗಳಿವೆ. ಬ್ರಿಟನ್ನಿನ ಆರೋಗ್ಯ ಇಲಾಖೆ 2010ರಲ್ಲೇ ಮುಸ್ಲಿಂ ಸಿಬ್ಬಂದಿಗಾಗಿ ಇದಕ್ಕೆ ಅವಕಾಶ ಕೊಟ್ಟಿತು. ನಿನ್ನ ಕಾಲೇಜಿನಲ್ಲಿ ಕೇಳಿ ನೋಡು. ಮದ್ಯಸಾರ ಇರುವ ಸ್ಯಾನಿಟೈಸರ್ ಹಚ್ಚಬಹುದೇ ಎಂಬ ಅನುಮಾನ ಬೇಡ. ಮುಸ್ಲಿಂ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿ 2002ರಲ್ಲೇ ಮಕ್ಕಾದಲ್ಲಿ ಸೇರಿ, ಚರ್ಮದ ಶುದ್ಧಿಗೆ ಬಳಸಲು ಅಡ್ಡಿಯಿಲ್ಲ ಎಂದಿದೆ.

ವಾರ್ಡಿಗೆ ಕಾಲಿಡುವ ಮುನ್ನ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಮುಗಿಸಿಕೊ. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅಂದರೆ ಪ್ರವೇಶ ಸಿಕ್ಕ ವಾರವೇ ಆರಂಭಿಸಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡ. ಚುಚ್ಚಿತೋ, ಹೆದರಿ ಮುಚ್ಚಿಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ಮೇಲಿನವರಿಗೆ ತಿಳಿಸು. ಎಚ್ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು.

ಹೆಚ್ಚು ಮಕ್ಕಳು ಸೋಲುವುದು ರಕ್ತ ಕಂಡು ಹೆದರಿ ಅಲ್ಲ, ಮೊದಲ ವರ್ಷದ ಇಂಗ್ಲಿಷಿಗೆ. ಉರ್ದು, ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಶರೀರರಚನಾಶಾಸ್ತ್ರದ ಪುಸ್ತಕ ಗೋಡೆಯಂತೆ ಕಾಣುತ್ತದೆ. ಹೈಸ್ಕೂಲಿನ ಜೀವಶಾಸ್ತ್ರವನ್ನು ಎದುರಿಗಿಟ್ಟುಕೊಂಡು, ದಿನಕ್ಕೆ ಹತ್ತು ಪದ ಬರೆದು ಅರ್ಥ ಮಾಡಿಕೊಂಡರೆ ಆರು ತಿಂಗಳಲ್ಲಿ ಗೋಡೆ ತಗ್ಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಫೇಲಾದಳೆಂದು, ಪೋಷಕರೇ, ಮನೆಗೆ ಕರೆತರಬೇಡಿ.

ಬಿ.ಎಸ್ಸಿ ನರ್ಸಿಂಗ್‌ನ ಸರಕಾರಿ ಕೋಟಾ ಸೀಟು ಬೇಕಿದ್ದರೆ ಪಿಯುಸಿ ಫಲಿತಾಂಶ ಕಾಯುತ್ತಾ ಕೂರುವಂತಿಲ್ಲ. ಆ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸಿಗುತ್ತವೆ. ಅದರ ಅರ್ಜಿ ಪಿಯುಸಿ ಪರೀಕ್ಷೆಗೂ ಮೊದಲೇ ಶುರುವಾಗುತ್ತದೆ. 2ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ, 371(ಜೆ) ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮಾಡಿಸಿಡಿ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಹೆಸರಿನ ಅಕ್ಷರ ಒಂದೇ ಇರಲಿ. ಒಂದರಲ್ಲಿ 'ಬೇಗಂ', ಇನ್ನೊಂದರಲ್ಲಿ 'ಬೀ' ಎಂದಿದ್ದರೆ ವಿದ್ಯಾರ್ಥಿವೇತನ ಅಲ್ಲಿಗೇ ನಿಲ್ಲುತ್ತದೆ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ಎಸ್ಎಸ್‌ಪಿ ತಾಣದಲ್ಲಿ. ಶುಲ್ಕ ಮತ್ತು ಸಾಲದ ಯೋಜನೆಗಳಲ್ಲಿ ಈ ವರ್ಷ ಯಾವುದು ನರ್ಸಿಂಗ್‌ಗೆ ಅನ್ವಯಿಸುತ್ತದೆ ಎಂಬುದನ್ನು ಯಾದಗಿರಿಯ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಪ್ರಶ್ನೆಗಳನ್ನು ಅವಳೇ ಕೇಳಲಿ.