ಹಳೆಯ ಕಾರಿನ ಆಸನ ಮತ್ತು ಆರೋಗ್ಯ

ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಕಾರು ಹಲವು ದಶಕಗಳ ಕಾಲ ಮುಂಬಯಿಯ ಬೀದಿಗಳ ಗುರುತೇ ಆಗಿತ್ತು. ಅದರ ಕೊನೆಯ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ ವಿಧಿಸಿದ 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಯಲ್ಲಿ ಅದೂ ರಸ್ತೆಯಿಂದ ಮರೆಯಾಯಿತು. ಆದರೆ ಖಾಸಗಿ ಒಡೆತನದ ಕೆಲವು ಪದ್ಮಿನಿಗಳನ್ನು ನಗರದಲ್ಲೂ ಉಪನಗರಗಳಲ್ಲೂ ಜತನವಾಗಿ ಉಳಿಸಿಕೊಂಡವರಿದ್ದಾರೆ. ಎಂಜಿನ್ನಿಗೂ ಬಣ್ಣಕ್ಕೂ ದೊರೆಯುವ ಆರೈಕೆ ಆಸನಕ್ಕೆ ದೊರೆಯುವುದು ಮಾತ್ರ ಅಪರೂಪ. ರೆಕ್ಸಿನ್ ಹರಿದರೆ ಮೇಲೊಂದು ಗವಸು ತೊಡಿಸಿದರಾಯಿತೆಂಬುದು ಸಾಮಾನ್ಯ ಭಾವನೆ. ನಿಜವಾದ ಹಾನಿ ಇರುವುದು ಅನೇಕ ವೇಳೆ ಅದರ ಕೆಳಗೆ.

ಹಳೆಯ ಮಾದರಿಯ ಆಸನದಲ್ಲಿ ಉಕ್ಕಿನ ಚೌಕಟ್ಟು, ಸ್ಪ್ರಿಂಗುಗಳು, ಅವುಗಳ ಮೇಲೆ ತೆಂಗಿನ ನಾರು, ಹತ್ತಿ ಇಲ್ಲವೆ ಫೋಮಿನ ಮೆತ್ತೆ, ಕೊನೆಗೆ ಹೊದಿಕೆ ಇರುತ್ತವೆ. ಸ್ಪ್ರಿಂಗು ಸೋತು ಆಸನ ಕುಸಿದರೆ ಸೊಂಟವು ಮೊಣಕಾಲಿಗಿಂತ ಕೆಳಗಿಳಿದು, ಬೆನ್ನಿನ ಕೆಳಭಾಗ ತನ್ನ ಸಹಜ ಬಾಗನ್ನು ಕಳೆದುಕೊಳ್ಳುತ್ತದೆ. ಬೊರಿವಲಿಯಿಂದ ಫೋರ್ಟಿನವರೆಗೆ ವಾಹನಗಳ ದಟ್ಟಣೆಯಲ್ಲಿ ಕ್ಲಚ್ ತುಳಿಯುತ್ತ ಹೀಗೆ ಕುಳಿತವರಿಗೆ ಸೊಂಟನೋವು ಬಂದರೆ ಆಶ್ಚರ್ಯವಿಲ್ಲ.

ಮುಂಬಯಿಯ ಮಳೆಗಾಲವೂ ಆಸನಕ್ಕೆ ಶತ್ರು. ಬಾಗಿಲಿನ ಮತ್ತು ಗಾಜಿನ ಸುತ್ತಲಿನ ರಬ್ಬರು ಸವೆದರೆ ನೀರು ಒಳಗಿಳಿದು ಮೆತ್ತೆ ನೆನೆಯುತ್ತದೆ. ಅಲ್ಲಿ ಬೆಳೆಯುವ ಬೂಷ್ಟು ಆಸ್ತಮಾ, ಅಲರ್ಜಿ ಉಳ್ಳವರಿಗೆ ಕೆಮ್ಮು, ಉಬ್ಬಸಗಳನ್ನು ತರಬಲ್ಲದು. ಸುಗಂಧದ ಸಿಂಪಡಣೆ ವಾಸನೆಯನ್ನು ಮರೆಸೀತೇ ಹೊರತು ಬೂಷ್ಟನ್ನು ತೆಗೆಯದು.

ಆದುದರಿಂದ ಮೊದಲು ನೀರು ಸೋರುವಿಕೆಯನ್ನು ನಿಲ್ಲಿಸಬೇಕು. ಆಸನದ ಕೆಲಸವನ್ನು ಒಣಹವೆಯ ತಿಂಗಳುಗಳಲ್ಲಿ ಮಾಡಿಸುವುದು ಲೇಸು. ಹೊದಿಕೆಯನ್ನು ಹರಿಯದೆ ಬಿಚ್ಚಿಸಿ, ಚೌಕಟ್ಟಿನ ತುಕ್ಕು ಕೆರೆಸಿ ಬಣ್ಣ ಬಳಿಸಬೇಕು. ಮುರಿದ ಸ್ಪ್ರಿಂಗನ್ನೂ ಬೂಷ್ಟು ಹಿಡಿದ ಮೆತ್ತೆಯನ್ನೂ ಬದಲಿಸಬೇಕು. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿದರೆ ಆ ತುಂಡುಗಳೇ ಹೊಸ ಬಟ್ಟೆ ಕತ್ತರಿಸಲು ಅಳತೆಯಾಗುತ್ತವೆ. ಆದ್ದರಿಂದ ಕೆಲಸ ಮುಗಿಯುವವರೆಗೆ ಅವುಗಳನ್ನು ಎಸೆಯಬಾರದು. ಸೀಳು ಚಿಕ್ಕದಾಗಿದ್ದು ಒಳಭಾಗ ಗಟ್ಟಿಯಾಗಿದ್ದರೆ, ಅಡಿಯಿಂದ ಬಟ್ಟೆಯ ತೇಪೆ ಅಂಟಿಸಿದರೂ ಸಾಕು.

ಮೆತ್ತೆ ದಪ್ಪವಾದಷ್ಟೂ ಸುಖವೆಂಬ ಎಣಿಕೆ ತಪ್ಪು. ಅತಿ ಎತ್ತರವಾದರೆ ತಲೆ ಮಾಡಿಗೆ ತಾಗುತ್ತದೆ, ಪೆಡಲು ದೂರವಾಗುತ್ತದೆ. ಹೊದಿಕೆ ಹೊಲಿಯುವ ಮುನ್ನವೇ ಕಾರು ನಡೆಸುವವರು ಕುಳಿತು ನೋಡತಕ್ಕದ್ದು: ಸೊಂಟ ಮೊಣಕಾಲಿನ ಮಟ್ಟದಲ್ಲಿ ಅಥವಾ ತುಸು ಮೇಲಿರಬೇಕು, ಬೆನ್ನಿನ ಕೆಳಭಾಗಕ್ಕೆ ಆಧಾರ ಸಿಗಬೇಕು.

ಆಸನ ಸರಿಯಾದ ಮೇಲೂ ನೋವು ನಿಲ್ಲದಿದ್ದರೆ, ಅಥವಾ ಅದು ಕಾಲಿಗಿಳಿದು ಜೋಮು ಹಿಡಿಸಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು.