ಮೈ ಬೆಚ್ಚಗಿದೆ, ಶಾಲೆಗೆ ಕಳಿಸಬೇಕೋ ಬೇಡವೋ?

ಬೆಳಗಿನ ಎಂಟು ಗಂಟೆ. ಕುಂದಗೋಳದ ಓಣಿಯೊಂದರ ಮನೆ. ಒಲೆಯ ಮೇಲೆ ರೊಟ್ಟಿ, ಹೊರಗೆ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿಯ ಹಾರ್ನು. ಒಂದನೆಯ ಇಯತ್ತೆಯ ಹುಡುಗ ಹಾಸಿಗೆ ಬಿಟ್ಟು ಏಳಲೊಲ್ಲ.

“ಯವ್ವಾ, ಇವತ್ತ ಸಾಲಿಗೆ ಹೋಗಂಗಿಲ್ಲ.”

ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ಬಿಸಿ ಇದೆಯೋ ಇಲ್ಲವೋ, ರೊಟ್ಟಿ ಬಡಿದ ಕೈಗೆ ತಿಳಿಯದು. “ನೆಗಡಿ ಆದ್ರ ಏನಾತು, ಮುಖಾ ತೊಳದು ಕಳಸ” ಎನ್ನುತ್ತಾಳೆ ಅಜ್ಜಿ. “ಅರ್ಧ ಗುಳಿಗಿ ಹಾಕಿ ಕಳಸ, ಮಧ್ಯಾಹ್ನ ಅನ್ನೋದ್ರಾಗ ಇಳೀತೈತಿ” ಎನ್ನುತ್ತಾನೆ ತಂದೆ. ಗಾಡಿ ಮತ್ತೊಮ್ಮೆ ಹಾರ್ನು ಹೊಡೆಯುತ್ತದೆ. ತೀರ್ಮಾನಕ್ಕೆ ಉಳಿದಿರುವುದು ಹತ್ತೇ ನಿಮಿಷ.

ಇದು ಯಾವುದೋ ಒಂದು ಮನೆಯ ಮಾತಲ್ಲ. ಸಂಶಿಯಲ್ಲಿ, ಗುಡಗೇರಿಯಲ್ಲಿ, ಹುಬ್ಬಳ್ಳಿಯ ಬಡಾವಣೆಗಳಲ್ಲಿ, ಸಣ್ಣ ಮಕ್ಕಳಿರುವ ಎಲ್ಲ ಮನೆಗಳಲ್ಲೂ ವರ್ಷಕ್ಕೆ ಹತ್ತಾರು ಸಲ ನಡೆಯುವ ಮಾತು. ಕಳಿಸಿದರೆ ಮಗುವಿಗೆ ಏನಾದೀತೋ ಎಂಬ ಅಳುಕು. ಬಿಡಿಸಿದರೆ ಪಾಠ ಹೋಯಿತು, ಶಾಲೆಯ ಬಿಸಿಯೂಟ ಹೋಯಿತು, ತಾಯಿಯ ಒಂದು ದಿನದ ಕೂಲಿಯೂ ಹೋಯಿತು. ಹೀಗಾಗಿ ಅನೇಕ ಸಲ ಮಗುವಿನ ಸ್ಥಿತಿ ನೋಡಿ ಆಗಬೇಕಾದ ತೀರ್ಮಾನ ಮನೆಯ ಅವಸರ ನೋಡಿ ಆಗುತ್ತದೆ. ಆ ಹತ್ತು ನಿಮಿಷದಲ್ಲಿ ಪಾಲಕರು ಏನು ನೋಡಬೇಕು?

ಪ್ರತಿ ನೆಗಡಿಗೂ ರಜೆ ಬೇಡ

ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ಒಂದೊಂದು ನೆಗಡಿಯೂ ವಾರದಿಂದ ಹತ್ತು ದಿನ ಇರುತ್ತದೆ. ಕೆಮ್ಮು ಇನ್ನೂ ಕೆಲವು ದಿನ ಉಳಿಯಬಹುದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷದಲ್ಲಿ ಕನಿಷ್ಠ 200 ದಿನ ಶಾಲೆ ನಡೆಯಬೇಕು. ಮೂಗು ಪೂರ್ತಿ ಒಣಗುವವರೆಗೆ ಪ್ರತಿ ಸಲವೂ ಮನೆಯಲ್ಲಿ ಇಟ್ಟುಕೊಂಡರೆ ಮಗು ಇದರಲ್ಲಿ ಎಷ್ಟು ದಿನ ಕಳೆದುಕೊಂಡೀತೆಂದು ಲೆಕ್ಕ ಹಾಕಿ ನೋಡಿ. ಅಕ್ಷರ ಕೂಡಿಸಲು ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ನಷ್ಟವಲ್ಲ.

2025ರ ಮೇ ಕೊನೆಯಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಕೋವಿಡ್ ಪ್ರಕರಣಗಳು ಏರುತ್ತಿದ್ದವು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಲಕ್ಷಣಗಳು ಪೂರ್ತಿ ಹೋದ ಮೇಲೆಯೇ ಕಳಿಸಿ ಎಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಆಗ ಸುತ್ತೋಲೆ ಹೊರಡಿಸಿತು. ಅಂಥ ಸೂಚನೆ ಜಾರಿಯಲ್ಲಿರುವಾಗ ಅದನ್ನು ಪಾಲಿಸಲೇಬೇಕು. ಉಳಿದ ದಿನಗಳ ಮಾತು ಬೇರೆ. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ 2023ರ ಸೆಪ್ಟೆಂಬರಿನಲ್ಲಿ ಶಾಲೆಗಳಿಗೆ ತಿಳಿಸಿದ್ದೇನೆಂದರೆ, ಸಾಧಾರಣ ನೆಗಡಿ, ತುಸು ಕೆಮ್ಮು, ಗಂಟಲು ಕೆರೆತ ಇರುವ ಮಕ್ಕಳು ಶಾಲೆಗೆ ಬರಬಹುದು. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಲೆಕ್ಕದಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದರೆ ಬರಬಾರದು.

ಮೂರು ಪ್ರಶ್ನೆಗಳು

ಮೂಗು ನೋಡುವುದಕ್ಕಿಂತ ಮಗುವನ್ನು ನೋಡಿ. ನಿಮ್ಮನ್ನು ನೀವೇ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಮಗು ಎಂದಿನಂತೆ ಇದೆಯೇ? ಎದ್ದು ಓಡಾಡಿತೇ, ತಮ್ಮನ ಜೊತೆ ಜಗಳವಾಡಿತೇ, ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದಿತೇ? ತಿಂದು ಆಡುವ ಮಗು ಮೂಗು ಸೋರುತ್ತಿದ್ದರೂ ಪಾಠಕ್ಕೆ ಕೂತೀತು. ಮೂಲೆ ಹಿಡಿದು ಮಲಗುವ, ಕರೆದರೆ ಕಣ್ಣೆತ್ತಿ ನೋಡದ ಮಗು ಜ್ವರ ಇಲ್ಲದಿದ್ದರೂ ಮನೆಯಲ್ಲಿರಲಿ.

ಎರಡು, ಇದು ಇತರ ಮಕ್ಕಳಿಗೆ ಸುಲಭವಾಗಿ ಹರಡುವ ಬೇನೆಯೇ? ಜ್ವರದ ಜೊತೆ ಮೈಮೇಲೆ ಗುಳ್ಳೆ, ವಾಂತಿ, ಭೇದಿ, ಪಿಚ್ಚು ಕಟ್ಟಿದ ಕಣ್ಣು ಇವುಗಳಲ್ಲಿ ಒಂದಿದ್ದರೂ ಅಂದು ಶಾಲೆ ಬೇಡ.

ಮೂರು, ಮಗುವಿಗೆ ಇವತ್ತು ಒಬ್ಬರು ಪಕ್ಕದಲ್ಲೇ ಇರಬೇಕಾದೀತೇ? ನಲವತ್ತು ಮಕ್ಕಳ ನಡುವೆ ಒಬ್ಬ ಅಕ್ಕೋರು ನಿಮ್ಮ ಮಗುವಿಗೆ ಗಳಿಗೆಗೊಮ್ಮೆ ನೀರು ಕುಡಿಸಿ, ಹಣೆ ಮುಟ್ಟಿ ನೋಡುವುದು ಆಗದ ಮಾತು.

ಮೂರಕ್ಕೂ ಸಮಾಧಾನದ ಉತ್ತರ ಬಂದರೆ ಕರವಸ್ತ್ರ ಕೊಟ್ಟು, ನೀರಿನ ಬಾಟಲಿ ತುಂಬಿ ಕಳಿಸಿ. ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಲು, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಲು ಹೇಳಿಕೊಡಿ.

ಕೈಯಿಂದ ಹಣೆ ಮುಟ್ಟಿ ನೋಡಿದರೆ ಜ್ವರದ ಸುಳಿವು ಸಿಕ್ಕೀತೇ ಹೊರತು ಲೆಕ್ಕ ಸಿಗದು. ಮಕ್ಕಳಿರುವ ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಕಂಕುಳಲ್ಲಿ ಇಟ್ಟಾಗ ಅದು ಮೈಯೊಳಗಿನ ಬಿಸಿಗಿಂತ ತುಸು ಕಡಿಮೆಯನ್ನೇ ತೋರಿಸುತ್ತದೆ. ಆದ್ದರಿಂದ ಕಂಕುಳಲ್ಲಿ 100ರ ಹತ್ತಿರ ಇದ್ದು ಮಗು ಮಂಕಾಗಿದ್ದರೆ ಅದನ್ನು ಜ್ವರವೆಂದೇ ತಿಳಿಯಿರಿ.

ಗುಳಿಗೆ ಹಾಕಿ ಕಳಿಸಬೇಡಿ

ಪಾಲಕರು ಮಾಡುವ ದೊಡ್ಡ ತಪ್ಪು ಇದು. ಬೆಳಿಗ್ಗೆ ಎಂಟಕ್ಕೆ ಪ್ಯಾರಾಸಿಟಮಾಲ್ ಕೊಟ್ಟರೆ ಒಂದು ತಾಸಿನೊಳಗೆ ಮೈ ತಣ್ಣಗಾಗುತ್ತದೆ. ಮಗು ನಗುನಗುತ್ತ ಪಾಟೀಚೀಲ ಹೆಗಲಿಗೆ ಹಾಕುತ್ತದೆ. ಔಷಧದ ಪ್ರಭಾವ ಇರುವುದು ನಾಲ್ಕರಿಂದ ಆರು ತಾಸು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಇಳಿದು ಜ್ವರ ಮತ್ತೆ ಏರುತ್ತದೆ. ಆಗ ತಾಯಿ ಹೊಲದಲ್ಲಿ, ತಂದೆ ಹುಬ್ಬಳ್ಳಿಯಲ್ಲಿ, ಫೋನು ಎತ್ತುವವರಿಲ್ಲ. ಶಾಲೆಯವರಿಗೆ ಬೆಳಿಗ್ಗೆ ಗುಳಿಗೆ ಹಾಕಿದ್ದೇ ಗೊತ್ತಿಲ್ಲ. ಅಷ್ಟರಲ್ಲಿ ಪಕ್ಕ ಕುಳಿತ ನಾಲ್ಕು ಮಕ್ಕಳಿಗೆ ಸೋಂಕು ಹಂಚಿಯಾಗಿದೆ.

ಗುಳಿಗೆ ಜ್ವರವನ್ನು ಇಳಿಸುತ್ತದೆ, ಜ್ವರಕ್ಕೆ ಕಾರಣವಾದ ರೋಗವನ್ನಲ್ಲ. ಔಷಧವಿಲ್ಲದೆ ಪೂರ್ತಿ 24 ತಾಸು ಜ್ವರ ಬರದಿದ್ದರೆ ಮಾತ್ರ ಶಾಲೆಗೆ ಕಳಿಸಬಹುದು ಎಂಬುದನ್ನು ಮನೆಯ ನಿಯಮ ಮಾಡಿಕೊಳ್ಳಿ.

“ಅರ್ಧ ಗುಳಿಗೆ” ಎಂಬ ಅಳತೆಯೂ ಸರಿಯಲ್ಲ. ಅಂಗಡಿಯಲ್ಲಿ 500 ಮಿಲಿಗ್ರಾಂ, 650 ಮಿಲಿಗ್ರಾಂ ಎರಡೂ ಸಿಗುತ್ತವೆ. ಎರಡರ ಅರ್ಧ ಒಂದೇ ಅಲ್ಲ. ಮಗುವಿನ ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿಲಿಗ್ರಾಂ ಮೀರಬಾರದು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಕೊಡಬಾರದು. ವೈದ್ಯರು ಹೇಳದೆ ಆಸ್ಪಿರಿನ್ ಕೊಡುವುದಂತೂ ಅಪಾಯ.

ಕೆಮ್ಮಿನ ಸಿರಪ್ಪಿನ ವಿಷಯದಲ್ಲೂ ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಕಾರಿ ದ್ರವ ಬೆರೆತ ಕೆಮ್ಮಿನ ಔಷಧ ಕುಡಿದು ಮಕ್ಕಳು ಸತ್ತ ಸುದ್ದಿ ಎಲ್ಲರೂ ಓದಿದ್ದೇವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಔಷಧ ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದು ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ಆಗ ತಿಳಿಸಿತು. ವರ್ಷ ತುಂಬಿದ ಮಗುವಿಗೆ ಬೆಚ್ಚಗಿನ ನೀರು, ಒಂದು ಚಮಚ ಜೇನುತುಪ್ಪ ಸಾಕಷ್ಟು ಆರಾಮ ಕೊಡುತ್ತದೆ.

ಜ್ವರ ಬಿಟ್ಟ ದಿನವೇ ಎಚ್ಚರ

ಮಳೆಗಾಲದಲ್ಲಿ ಒಂದು ಮಾತು ಮುಖ್ಯ. ನಮ್ಮ ಕಡೆ ಕುಡಿಯುವ ನೀರನ್ನು ಬ್ಯಾರಲ್ಲು, ಟಾಕಿಗಳಲ್ಲಿ ದಿನಗಟ್ಟಲೆ ತುಂಬಿಡುವುದು ಅನಿವಾರ್ಯ. ಡೆಂಗಿ ಸೊಳ್ಳೆಗೆ ಬೇಕಾದದ್ದು ಅಂಥ ನಿಂತ ನೀರೇ. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು.

ಡೆಂಗಿಯಲ್ಲಿ ಮೋಸವಾಗುವುದು ಹೀಗೆ: ಮೂರು ನಾಲ್ಕು ದಿನ ಕಾದ ಮೈ ತಣ್ಣಗಾಗುತ್ತದೆ. ಮನೆಯವರು ನಿಟ್ಟುಸಿರು ಬಿಟ್ಟು ಮರುದಿನವೇ ಮಗುವನ್ನು ಶಾಲೆಗೆ ಕಳಿಸುತ್ತಾರೆ. ಆದರೆ ಈ ರೋಗದ ಅಪಾಯದ ಘಟ್ಟ ಬರುವುದು ಜ್ವರ ಇಳಿಯುವ ಹೊತ್ತಿನಲ್ಲಿ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ. ಜ್ವರ ಬಿಟ್ಟ ಮೇಲೆ ಮಗು ಚುರುಕಾಗುವ ಬದಲು ಇನ್ನಷ್ಟು ಸೋತರೆ, ಹೊಟ್ಟೆ ಬಹಳ ನೋಯುತ್ತಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಮೂಗು–ಒಸಡಿನಲ್ಲಿ ರಕ್ತ ಕಂಡರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಡೆಂಗಿಯ ಶಂಕೆ ಇದ್ದಾಗ ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ ಬೇಡ. ಮೂರು ದಿನ ಮೀರಿದ ಯಾವ ಜ್ವರಕ್ಕೂ ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ. ಅವರು ಒಪ್ಪಿದ ಮೇಲೆಯೇ ಶಾಲೆ.

ಯಾವುದಕ್ಕೆ ಎಷ್ಟು ದಿನ

ವಾಂತಿ–ಭೇದಿ: ಕೊನೆಯ ಸಲ ಆದ ಮೇಲೆ ಎರಡು ದಿನ ಮನೆ. ಓಆರ್‌ಎಸ್ ನೀರು, ಗಂಜಿ, ತೆಳು ಮಜ್ಜಿಗೆ, ಮೆತ್ತನ್ನ ಅನ್ನ ಕೊಡುತ್ತಿರಿ. ಊಟ ನಿಲ್ಲಿಸಬೇಡಿ.

ಕಣ್ಣು ಬೇನೆ: 2023ರ ಮಳೆಗಾಲದಲ್ಲಿ ರಾಜ್ಯದ ಶಾಲೆಗಳಲ್ಲೆಲ್ಲ ಇದು ಹಬ್ಬಿದ್ದು ನೆನಪಿರಬಹುದು. ಕೆಂಪಾಗಿ ಪಿಚ್ಚು ಸುರಿಯುತ್ತಿದ್ದರೆ ಅದು ನಿಲ್ಲುವವರೆಗೆ ಮನೆ. ಟವೆಲ್ಲು, ದಿಂಬು ಬೇರೆ ಇರಲಿ.

ಸೀತಾಳ ಸಿಡುಬು: ನಮ್ಮಲ್ಲಿ “ಅಮ್ಮ” ಎನ್ನುವ ಬೇನೆ. ಎಲ್ಲ ಗುಳ್ಳೆಗಳೂ ಒಣಗಿ ಹೊಕ್ಕಳೆ ಕಟ್ಟುವವರೆಗೆ, ಅಂದರೆ ಸುಮಾರು ಐದಾರು ದಿನ ಮನೆ.

ದಡಾರ: ಮೈಮೇಲೆ ಕೆಂಪು ದದ್ದು ಎದ್ದ ಮೇಲೆ ನಾಲ್ಕು ದಿನ ಮನೆ, ವೈದ್ಯರಿಗೆ ತೋರಿಸಲೇಬೇಕು. ದಡಾರ–ರುಬೆಲ್ಲಾ ಲಸಿಕೆಯ ಎರಡೂ ಡೋಸು ಆಗಿವೆಯೇ ಎಂದು ತಾಯಿ ಕಾರ್ಡು ತೆಗೆದು ನೋಡಿ.

ಮಂಗನಬಾವು: ಕೆನ್ನೆ ಊದಿದ ದಿನದಿಂದ ಐದು ದಿನ ಮನೆ.

ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳುವ ಜ್ವರ: ಜ್ವರ ಹೋಗಿ ಗುಳ್ಳೆ ಒಣಗುವವರೆಗೆ, ಸುಮಾರು ಒಂದು ವಾರ.

ಕಜ್ಜಿ: ವೈದ್ಯರು ಕೊಟ್ಟ ಮುಲಾಮನ್ನು ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಂಡರೆ ಮರುದಿನ ಕಳಿಸಬಹುದು.

ಹೇನು: ಇದಕ್ಕೆ ರಜೆಯೂ ಬೇಡ, ನಾಚಿಕೆಯೂ ಬೇಡ. ಬಾಚಣಿಕೆ, ಔಷಧ ಸಾಕು.

ಕೆಮ್ಮು ಎರಡು ವಾರ ಮೀರಿದರೆ ಶಾಲೆಯ ಪ್ರಶ್ನೆ ಆಮೇಲೆ, ಮೊದಲು ತಪಾಸಣೆ.

ಶಾಲೆಯ ದಿನವೇ ಬರುವ ಹೊಟ್ಟೆನೋವು

ಭಾನುವಾರ ಇಲ್ಲದ ಹೊಟ್ಟೆನೋವು ಸೋಮವಾರ ಬೆಳಿಗ್ಗೆ ಬರುತ್ತದೆ. ಹತ್ತು ಗಂಟೆಗೆ ಶಾಲೆಯ ಗಂಟೆ ಬಾರಿಸಿದ ಮೇಲೆ ಮಾಯವಾಗುತ್ತದೆ. “ನಾಟಕ ಮಾಡತಾನ” ಎಂದು ಬೈದು ಕಳಿಸುವುದು ಸುಲಭ. ಆದರೆ ಮಗುವಿಗೆ ನೋವು ನಿಜವಾಗಿಯೇ ಆಗುತ್ತಿರಬಹುದು. ಕಾರಣ ಹೊಟ್ಟೆಯಲ್ಲಿ ಇಲ್ಲದೆ ಇರಬಹುದು. ದೊಡ್ಡ ಹುಡುಗರು ಕಾಡುತ್ತಿದ್ದಾರೆಯೇ? ಹಲಗೆಯ ಮೇಲಿನ ಅಕ್ಷರ ಕಾಣಿಸುತ್ತಿಲ್ಲವೇ? ಶೌಚಾಲಯಕ್ಕೆ ಹೋಗಲು ಅಂಜಿ ದಿನವಿಡೀ ತಡೆದುಕೊಳ್ಳುತ್ತದೆಯೇ? ಸಂಜೆ ಊಟದ ಹೊತ್ತಿನಲ್ಲಿ, ಸಮಾಧಾನವಾಗಿ ಕೇಳಿ. ಇಂಥ ಮಗುವನ್ನು ಮನೆಯಲ್ಲಿ ಕೂರಿಸಿಕೊಂಡರೆ ಅಂಜಿಕೆ ಬೆಳೆಯುತ್ತದೆ. ಕೈಹಿಡಿದು ಶಾಲೆಗೆ ಕರೆದೊಯ್ದು ಅಕ್ಕೋರ ಜೊತೆ ಮಾತಾಡಿದರೆ ಕರಗುತ್ತದೆ. ಹೊಟ್ಟೆನೋವಿಗೆ ನಿದ್ದೆಯಿಂದ ಎಚ್ಚರವಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ನೋವು ಬಲಗಡೆ ಕೆಳಹೊಟ್ಟೆಯಲ್ಲಿ ನಿಂತರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ.

ಮನೆಯಲ್ಲಿ ಉಳಿಯುವವರು ಯಾರು?

ಮಗು ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು. ಅದನ್ನು ನೋಡಿಕೊಳ್ಳುವವರು ಯಾರು? ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಒಂದು ದಿನದ ಕೂಲಿ ಬಿಡುವುದು ಕಷ್ಟ. ಆಗ ಅನೇಕ ಮನೆಗಳಲ್ಲಿ ಸುಲಭದ ಉತ್ತರ ಒಂದೇ: ಏಳನೆಯ ಇಯತ್ತೆಯ ಅಕ್ಕ. ತಮ್ಮನಿಗೆ ಜ್ವರ ಬಂದರೆ ಶಾಲೆ ತಪ್ಪುವುದು ಇಬ್ಬರಿಗೆ. ತಮ್ಮ ಮೂರು ದಿನಕ್ಕೆ ಗುಣವಾಗಿ ಹೋಗುತ್ತಾನೆ. ಅಕ್ಕನಿಗೆ ತಪ್ಪಿದ ಲೆಕ್ಕದ ಪಾಠ ಹಿಂದೆ ಬೀಳುತ್ತದೆ, ಮುಂದಿನದು ತಿಳಿಯುವುದಿಲ್ಲ, ಪರೀಕ್ಷೆಯಲ್ಲಿ ಅಂಕ ಇಳಿಯುತ್ತವೆ. “ಓದು ತಲೆಗೆ ಹತ್ತೂದಿಲ್ಲ” ಎಂದು ಒಂದು ದಿನ ಶಾಲೆಯನ್ನೇ ಬಿಡಿಸುತ್ತಾರೆ. ತಲೆಗೆ ಹತ್ತದ್ದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಬಾಗಿಲು ತೆರೆದು ಜ್ವರದ ಮಗುವನ್ನು ನೋಡಿಕೊಳ್ಳಲು ಹನ್ನೆರಡು ವರ್ಷದ ಹುಡುಗಿಗೆ ಅನುಭವವೂ ಸಾಲದು. ಅಪಾಯದ ಲಕ್ಷಣ ಅವಳಿಗೆ ಹೇಗೆ ತಿಳಿದೀತು?

ಆದ್ದರಿಂದ ಇದನ್ನು ಜ್ವರ ಬರುವ ಮುಂಚೆಯೇ ಮನೆಯಲ್ಲಿ ಮಾತಾಡಿಕೊಳ್ಳಿ. ಅಜ್ಜಿ ಇದ್ದರೆ ಅಜ್ಜಿ. ಇಲ್ಲದಿದ್ದರೆ ಒಂದು ಸಲ ತಾಯಿ, ಮತ್ತೊಂದು ಸಲ ತಂದೆ. ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಲು ತಂದೆಯ ಕೈಗೂ ಬರುತ್ತದೆ. ಓಣಿಯ ಎರಡು ಮೂರು ಮನೆಯವರು ಸರದಿಯ ಮೇಲೆ ಒಬ್ಬರ ಮಗುವನ್ನು ಒಬ್ಬರು ನೋಡಿಕೊಳ್ಳುವ ಒಪ್ಪಂದ ಮಾಡಿಕೊಂಡರೂ ಒಳ್ಳೆಯದೇ. ಹಾಗೆಯೇ ಶಾಲೆಯಲ್ಲಿ ನಿಮ್ಮ ಸರಿಯಾದ ಫೋನ್ ನಂಬರು ಇದೆಯೇ ನೋಡಿ, ಹೊಲಕ್ಕೆ ಹೋಗುವ ದಿನ ಹತ್ತಿರದ ಇನ್ನೊಬ್ಬರ ನಂಬರು ಕೊಡಿ.

ಇಷ್ಟಾದರೂ ಕೆಲವು ಲಕ್ಷಣಗಳಿಗೆ ಶಾಲೆಯೂ ಬೇಡ, ಮನೆಯೂ ಬೇಡ, ಆಸ್ಪತ್ರೆಯೇ ಬೇಕು. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ಒಂದರಿಂದ ಐದು ವರ್ಷದೊಳಗಿನ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡುವುದು, ಫಿಟ್ಸು, ಕುತ್ತಿಗೆ ಬಗ್ಗಿಸಲಾಗದಿರುವುದು, ಏನು ಕುಡಿದರೂ ವಾಂತಿಯಾಗುವುದು, ಎಬ್ಬಿಸಿದರೂ ಏಳದ ಮಂಪರು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನು ಮಾಡಿ ಕುಂದಗೋಳದ ತಾಲ್ಲೂಕು ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್‌ಗೋ ಒಯ್ಯಿರಿ.

ಉಳಿದ ದಿನಗಳಲ್ಲಿ ಬೆಳಗಿನ ಹತ್ತು ನಿಮಿಷ ಸಾಕು. ರೊಟ್ಟಿಯ ಕೈ ತೊಳೆದುಕೊಳ್ಳಿ, ಮಗುವಿನ ಪಕ್ಕ ಕುಳಿತು ಜ್ವರ ಅಳೆಯಿರಿ, ಒಂದು ಲೋಟ ನೀರು ಕೊಟ್ಟು ಅದು ಹೇಗೆ ಕುಡಿಯುತ್ತದೆ ನೋಡಿ. ಟಂಟಂ ಗಾಡಿ ಇನ್ನೆರಡು ಹಾರ್ನು ಹೊಡೆದರೂ ಚಿಂತೆಯಿಲ್ಲ.